ಗೇನ್ ಕೈಯದು, ವಾಲ್ಯೂಮ್ ಜಾಗದ್ದು

ಮಳೆಗಾಲ ಹಿಂದೆ ಸರಿದು ದೀಪಾವಳಿ ಕಳೆಯಿತೆಂದರೆ ಭಟ್ಕಳ, ಹೊನ್ನಾವರ, ಕುಮಟಾಗಳ ಸೌಂಡ್ ಸಿಸ್ಟಂನವರಿಗೆ ಪುರುಸೊತ್ತಿಲ್ಲ. ಇಂದು ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ, ನಾಳೆ ಚರ್ಚಿನ ಹಬ್ಬದ ಸಂಜೆಗೆ ಬ್ಯಾಂಡು, ನಾಡಿದ್ದು ಹೆದ್ದಾರಿ ಪಕ್ಕದ ಸಭಾಭವನದಲ್ಲಿ ರಿಸೆಪ್ಷನ್ನಿನ ರಸಮಂಜರಿ. ಟೆಂಪೊ ಏರುವ ಪೆಟ್ಟಿಗೆಗಳು ಅವೇ, ವೈರಿನ ಸುರುಳಿಗಳು ಅವೇ, ನಿದ್ದೆಗೆಟ್ಟ ಹುಡುಗರೂ ಅವರೇ. ಮೂರೂ ಕಡೆ ಕೇಳಿಬರುವ ಮಾತೂ ಒಂದೇ: “ಸೌಂಡ್ ಸಾಲ್ತಾ ಇಲ್ಲ ಮಾರಾಯ, ಸ್ವಲ್ಪ ಏರ್ಸು.” ಆಗ ಕೈ ಯಾವುದೋ ಒಂದು ನಾಬಿಗೆ ಹೋಗುತ್ತದೆ; ಹತ್ತಿರ ಇದ್ದದ್ದಕ್ಕೆ, ಇಲ್ಲವೇ ದೊಡ್ಡದಾಗಿ ಕಂಡದ್ದಕ್ಕೆ. ತಪ್ಪು ನಾಬನ್ನು ತಿರುಗಿಸಿದರೂ ಸದ್ದು ಏರುತ್ತದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ.

ಇದು ತೀರಾ ನಿಚ್ಚಳವಾಗಿ ಕಾಣುವುದು ಬೇಸ್ ಗಿಟಾರಿನ ಆಂಪ್ಲಿಫೈಯರಿನಲ್ಲಿ. ಬೇಸ್ ಗಿಟಾರಿಗೆ ನಾಲ್ಕು ದಪ್ಪ ತಂತಿ. ಅತ್ಯಂತ ಕೆಳಗಿನ ‘ಇ’ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಅದರ ಮೇಲಿನ ‘ಎ’ 55, ‘ಡಿ’ 73, ‘ಜಿ’ 98. ಐದು ತಂತಿಯ ವಾದ್ಯವಾದರೆ ಕೆಳಗಿನ ‘ಬಿ’ 31ರ ಆಸುಪಾಸು. ಇವುಗಳಲ್ಲಿ ಕೆಳಗಿನವು ಹಾಡುವ ಗಂಟಲು ಸಾಮಾನ್ಯವಾಗಿ ಮುಟ್ಟಲಾಗದ ಪಾತಾಳದ ಸ್ವರಗಳು. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಬೆನ್ನಿಗೇ, 1952ರಲ್ಲಿ, ಅದಕ್ಕೆಂದೇ ಬೇಸ್‌ಮನ್ ಎಂಬ ಆಂಪನ್ನೂ ತಂದ. ತರದೆ ಗತಿಯಿರಲಿಲ್ಲ. ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ಬೇಸ್ ಗಿಟಾರಿನದು ಗಟ್ಟಿ ಮರದ ಹಲಗೆ. ಆಂಪಿಲ್ಲದೆ ನುಡಿಸಿದರೆ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳದು. ವಾದ್ಯದ ಅರ್ಧಭಾಗ ಆ ಪೆಟ್ಟಿಗೆಯೊಳಗೇ ಇದೆ. ನಮ್ಮಲ್ಲಿ ಹೊಸ ಹುಡುಗರು ಕೊಳ್ಳುವ ಗಿಟಾರಿನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಪೆಟ್ಟಿಗೆಯ ನಾಬುಗಳ ಬಗ್ಗೆ ಐದು ನಿಮಿಷವೂ ಯೋಚಿಸುವುದಿಲ್ಲ.

ಪೆಟ್ಟಿಗೆಯೊಳಗಿನ ದಾರಿ ಹೀಗಿದೆ. ತಂತಿ ನಡುಗಿದಾಗ ಅದರ ಕೆಳಗಿನ ಪಿಕಪ್ಪಿನಲ್ಲಿ, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯಲ್ಲಿ, ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದು ತೀರಾ ದುರ್ಬಲ. ಕೇಬಲ್ಲಿನ ಮೂಲಕ ಆಂಪಿಗೆ ಬಂದ ಈ ಸಂಕೇತವನ್ನು ಮೊದಲು ಪ್ರೀಆಂಪ್ ಎಂಬ ಭಾಗ ಕೆಲಸಕ್ಕೆ ಬರುವಷ್ಟು ಎತ್ತುತ್ತದೆ. ಎಷ್ಟು ಎತ್ತಬೇಕೆಂದು ಹೇಳುವುದು ಗೇನ್ ನಾಬು. ಆಮೇಲೆ ಬೇಸ್, ಮಿಡ್, ಟ್ರೆಬಲ್ ಎಂಬ ಟೋನ್ ನಾಬುಗಳು. ಅವನ್ನೆಲ್ಲ ದಾಟಿ ಬಂದ ಸಂಕೇತದಲ್ಲಿ ಎಷ್ಟನ್ನು ಪವರ್ ಆಂಪಿಗೂ ಅಲ್ಲಿಂದ ಸ್ಪೀಕರಿಗೂ ಬಿಡಬೇಕೆಂದು ನಿರ್ಧರಿಸುವುದು ವಾಲ್ಯೂಮ್. ಕೆಲವು ಕಂಪನಿಗಳು ಅದನ್ನೇ ಮಾಸ್ಟರ್ ಎಂದು ಬರೆಯುತ್ತವೆ, ಕೆಲವು ಲೆವೆಲ್ ಎನ್ನುತ್ತವೆ. ಹಾಗೆಯೇ ಗೇನನ್ನು ಇನ್‌ಪುಟ್ ಎಂದೋ ಡ್ರೈವ್ ಎಂದೋ ಬರೆದಿರುತ್ತದೆ. ಹೆಸರು ಏನೇ ಇರಲಿ, ಒಂದು ಬಾಗಿಲ ಬಳಿ ಇದೆ, ಇನ್ನೊಂದು ಹಿತ್ತಲಲ್ಲಿದೆ.

ಬಾಗಿಲಲ್ಲಿ ಆದ ಹಾಳು ಹಿತ್ತಲಲ್ಲಿ ಸರಿಯಾಗುವುದಿಲ್ಲ. ಪ್ರೀಆಂಪಿಗೆ ಹೊರುವ ಶಕ್ತಿ ಇಷ್ಟೇ ಎಂದಿದೆ. ಗೇನ್ ಅದನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಸೌಂಡಿನವರ ಮಾತಿನಲ್ಲಿ ‘ಕ್ಲಿಪ್ ಆಗೋದು’. ಸ್ವರ ಒಡೆದು ಗೊರಗೊರ ಎನ್ನುತ್ತದೆ. ಆಗ ವಾಲ್ಯೂಮನ್ನು ಇಳಿಸಿದರೆ ಅದೇ ಗೊರಗೊರ ಸಣ್ಣ ದನಿಯಲ್ಲಿ ಕೇಳುತ್ತದೆ, ಅಷ್ಟೇ. ತೋಟದ ಮೇಲ್ಕಟ್ಟಿನಲ್ಲೇ ನೀರು ರಾಡಿಯಾದರೆ ಕೆಳಗಿನ ಕಾಲುವೆಯ ಹಲಗೆಯನ್ನು ಎತ್ತಿದರೂ ಇಳಿಸಿದರೂ ಅಡಕೆ ಮರದ ಬುಡಕ್ಕೆ ಬರುವುದು ರಾಡಿಯೇ. ಉಲ್ಟಾ ತಪ್ಪೂ ಇದೆ. ಗೇನನ್ನು ಹೆದರಿಕೊಂಡು ತೀರಾ ಕೆಳಗಿಟ್ಟು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೆ ದುರ್ಬಲ ಸಂಕೇತದ ಜತೆಗೆ ಯಂತ್ರದ ಸ್ವಂತ ಸುಂಯ್‌ಗುಡುವಿಕೆಯೂ ಮೇಲೇಳುತ್ತದೆ. ಹಾಡಿನ ನಡುವಿನ ಮೌನದಲ್ಲಿ ಸೋನೆ ಮಳೆಯಂಥ ಸದ್ದು ಕೇಳಿದರೆ ಎಷ್ಟೋ ಸಲ ಅದಕ್ಕೆ ಇದೇ ಕಾರಣ.

ಹಾಗಾದರೆ ಗೇನ್ ಎಲ್ಲಿ ನಿಲ್ಲಬೇಕು? ಅದನ್ನು ಹೇಳಬೇಕಾದ್ದು ನಿಮ್ಮ ಕೈ. ವಾಲ್ಯೂಮನ್ನು ಪೂರ್ತಿ ಇಳಿಸಿ. ಬೇಸ್, ಮಿಡ್, ಟ್ರೆಬಲ್ ಮೂರನ್ನೂ ಗಡಿಯಾರದ ಹನ್ನೆರಡರ ನೇರಕ್ಕೆ ನಿಲ್ಲಿಸಿ. ಗಿಟಾರಿನ ಮೇಲಿನ ವಾಲ್ಯೂಮನ್ನು ಪೂರ್ತಿ ತೆರೆಯಿರಿ; ಅರ್ಧ ತೆರೆದು ಹೊಂದಿಸಿದವರು ಮೂರನೇ ಹಾಡಿನಲ್ಲಿ ಅದನ್ನು ಪೂರ್ತಿ ತೆರೆದಾಗ ಮಾಡಿದ ಹೊಂದಾಣಿಕೆಯೆಲ್ಲ ಮುರಿಯುತ್ತದೆ. ಈಗ ಇಡೀ ರಾತ್ರಿಯಲ್ಲಿ ನೀವು ಎಷ್ಟು ಜೋರಾಗಿ ಹೊಡೆಯುವ ಸಾಧ್ಯತೆಯಿದೆಯೋ ಅಷ್ಟು ಜೋರಾಗಿ ಕೆಳತಂತಿಯನ್ನು ಹೊಡೆಯುತ್ತ ಗೇನನ್ನು ನಿಧಾನ ಏರಿಸಿ. ಕ್ಲಿಪ್ ಎಂಬ ಕೆಂಪು ದೀಪ ಅತಿ ಜೋರಿನ ಪೆಟ್ಟಿಗೆ ಮಾತ್ರ ಮಿನುಗುವ ಜಾಗ ಸಿಗುತ್ತದೆ. ಅಲ್ಲಿಂದ ಒಂಚೂರು ಹಿಂದೆ ಬನ್ನಿ. ದೀಪವೇ ಇಲ್ಲದ ಚಿಕ್ಕ ಪೆಟ್ಟಿಗೆಯಾದರೆ ವಾಲ್ಯೂಮನ್ನು ಸ್ವಲ್ಪ ತೆರೆದು ಕಿವಿಯಿಂದಲೇ ಕೇಳಬೇಕು: ಸ್ವರದ ಅಂಚು ಸೀಳತೊಡಗುವ ಬಿಂದು ಯಾರಿಗಾದರೂ ತಿಳಿಯುತ್ತದೆ. ಹೆಬ್ಬೆರಳಿನಲ್ಲಿ ತಂತಿಯನ್ನು ಗುದ್ದುವ, ತೋರುಬೆರಳಿನಲ್ಲಿ ಎಳೆದು ಬಿಡುವ ಸ್ಲ್ಯಾಪ್ ಶೈಲಿ ನಿಮ್ಮದಾದರೆ ಅದನ್ನೇ ನುಡಿಸಿ ನೋಡಬೇಕು; ಮೆತ್ತಗೆ ಮೀಟಿ ಗೊತ್ತುಮಾಡಿದ ಗೇನ್ ಸ್ಲ್ಯಾಪಿನ ಮೊದಲ ಏಟಿಗೇ ಒಡೆಯುತ್ತದೆ. ಟೋನ್ ನಾಬುಗಳಲ್ಲಿ ಬೇಸನ್ನು ಏರಿಸಿದರೆ ಮತ್ತೊಮ್ಮೆ ಗೇನ್ ನೋಡಿ, ಏಕೆಂದರೆ ಅದೂ ಒಳಗಿನ ಭಾರವನ್ನು ಹೆಚ್ಚಿಸುತ್ತದೆ.

ಒಂಬತ್ತು ವೋಲ್ಟ್ ಬ್ಯಾಟರಿ ಹಾಕುವ ಆ್ಯಕ್ಟಿವ್ ಗಿಟಾರು ನಿಮ್ಮದಾದರೆ ಅದು ಕಳಿಸುವ ಸಂಕೇತವೇ ಬಲವಾಗಿರುತ್ತದೆ. ಅದಕ್ಕಾಗಿ ಹಲವು ಆಂಪುಗಳಲ್ಲಿ ಬೇರೆ ತೂತೋ ಒಂದು ಒತ್ತುಗುಂಡಿಯೋ ಇರುತ್ತದೆ. ಅದು ಬರುವ ಸಂಕೇತವನ್ನು 10 ಅಥವಾ 15 ಡೆಸಿಬಲ್ ತಗ್ಗಿಸಿ ಒಳಬಿಡುತ್ತದೆ. ಗೇನ್ ಸ್ವಲ್ಪ ತಿರುಗಿಸುವಷ್ಟರಲ್ಲೇ ಕೆಂಪು ದೀಪ ಹೊತ್ತಿಕೊಂಡರೆ ಆಂಪು ಕೆಟ್ಟಿದೆ ಎಂದು ಬೈಯುವ ಮೊದಲು ಆ ಗುಂಡಿಯನ್ನು ಒತ್ತಿ ನೋಡಿ. ಬೇಕೆಂದೇ ಗೇನನ್ನು ಮೀರಿಸಿ ಸ್ವರ ಒರಟಾಗಿಸುವವರೂ ಇದ್ದಾರೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಎಂಬ 300 ವ್ಯಾಟಿನ ವಾಲ್ವ್ ಆಂಪಿನಿಂದ ರಾಕ್ ಸಂಗೀತದವರು ಅಂಥ ಗರ್ಜನೆಯನ್ನೇ ತೆಗೆದರು. ಅದು ರುಚಿಯ ಪ್ರಶ್ನೆ, ಆಕ್ಷೇಪವಿಲ್ಲ. ಗೊತ್ತಿದ್ದು ಮಾಡಬೇಕು, ಅಷ್ಟೇ.

ಒಮ್ಮೆ ಹೀಗೆ ನಿಂತ ಗೇನನ್ನು ಆ ಗಿಟಾರು ಇಲ್ಲವೇ ಆ ಕೈ ಬದಲಾಗುವ ತನಕ ಮುಟ್ಟುವ ಕಾರಣವಿಲ್ಲ. ಹೊನ್ನಾವರದ ಚರ್ಚಿನ ಅಂಗಳದಲ್ಲಿ ಗೊತ್ತುಮಾಡಿದ್ದು ಭಟ್ಕಳದ ಸಭಾಭವನಕ್ಕೂ ಸಲ್ಲುತ್ತದೆ, ಕುಮಟಾದ ಮೈದಾನಕ್ಕೂ ಸಲ್ಲುತ್ತದೆ. ಜಾಗ ಬದಲಾದಾಗ ಬದಲಾಗಬೇಕಾದ್ದು ವಾಲ್ಯೂಮ್ ಒಂದೇ.

ಜಾಗಗಳ ಸ್ವಭಾವ ನಮ್ಮ ಕರಾವಳಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಗದ್ದೆ ಬಯಲಿಗೆ ಗೋಡೆಯಿಲ್ಲ, ಛಾವಣಿಯಿಲ್ಲ. ಹೋದ ಸದ್ದು ಹೋಯಿತು. ಬಯಲಲ್ಲಿ ಪೆಟ್ಟಿಗೆಯಿಂದ ದೂರ ಎರಡುಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಸಭಾಭವನದ ಕಥೆ ತದ್ವಿರುದ್ಧ. ನೆಲಕ್ಕೆ ನುಣುಪು ಟೈಲ್ಸ್, ಸುತ್ತ ಸಿಮೆಂಟು ಗೋಡೆ, ಮೇಲೆ ತಗಡಿನ ಮಾಡು. 41 ಕಂಪನದ ಸ್ವರದ ಅಲೆ ಎಂಟು ಮೀಟರಿಗಿಂತ ಉದ್ದ. ಅಂಥ ಅಲೆ ಗೋಡೆಯಿಂದ ಗೋಡೆಗೆ ಬಡಿದು ಕೆಲವು ಕಡೆ ಉಬ್ಬುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಹಿಂದಿನ ಸಾಲಿನ ಅಜ್ಜಿಯ ಎದೆ ನಡುಗುತ್ತಿರುವಾಗ ವೇದಿಕೆಯ ಮೇಲಿನ ವಾದಕನಿಗೆ ತನ್ನದೇ ಸ್ವರ ಕೇಳದೆ ಇರುವುದು ಹೀಗೆ. ಅವನು ಏರಿಸುತ್ತಾನೆ. ಅವನದು ಏರಿತೆಂದು ಕೀಬೋರ್ಡಿನವನು ಏರಿಸುತ್ತಾನೆ. ಇಬ್ಬರ ನಡುವೆ ಸಿಕ್ಕ ಗಾಯಕಿ ತನ್ನತ್ತ ಮುಖ ಮಾಡಿದ ಮಾನಿಟರ್ ಪೆಟ್ಟಿಗೆಯಲ್ಲಿ ತನ್ನ ದನಿ ಸಾಲದೆಂದು ಕೈಸನ್ನೆ ಮಾಡುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ಊಟದ ಪಂಕ್ತಿಯಲ್ಲಿ ಬಡಿಸುವವರು ಕೂಗಿ ಕೇಳಿದರೂ ಪಾಯಸ ಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಇದಕ್ಕೆ ಸುಲಭದ ಮದ್ದು ನಾಬುಗಳಲ್ಲಿ ಇಲ್ಲ. ಆಂಪನ್ನು ನೆಲದಿಂದ ಎತ್ತಿ ಒಂದು ಗಟ್ಟಿ ಕುರ್ಚಿಯ ಮೇಲೆ, ಕಿವಿಯತ್ತ ಮುಖ ಮಾಡಿ ಇಡಿ. ಸ್ವರದ ಮೇಲಂಚು ನೇರ ಗೆರೆಯಲ್ಲಿ ಹೋಗುತ್ತದೆ. ಪೆಟ್ಟಿಗೆ ಮೊಣಕಾಲಿಗೆ ನುಡಿಯುತ್ತಿದ್ದರೆ ಕಿವಿಗೆ ಏನು ಸಿಕ್ಕೀತು? ಗೋಡೆಯ ಮೂಲೆಯಲ್ಲಿ ಇಟ್ಟ ಆಂಪಿನ ಕೆಳಸ್ವರ ತಾನಾಗಿಯೇ ಉಬ್ಬುತ್ತದೆ. ಮೂಲೆಯಿಂದ ಹೊರಗೆಳೆದರೆ ಗುಂಗು ಇಳಿಯುತ್ತದೆ. ಬಯಲಲ್ಲಾದರೆ ಅದೇ ಗುಟ್ಟನ್ನು ತಿರುಗಿಸಿ, ಕೆಳಸ್ವರ ಸಾಲದಾದಾಗ ಆಂಪನ್ನು ನೆಲಕ್ಕೇ ಇಟ್ಟು ಬಳಸಬಹುದು. ನಾಬು ಮುಟ್ಟಲೇಬೇಕೆಂದಾದರೆ ಒಂದು ಮಾತು. ಟೋನ್ ನಾಬುಗಳಲ್ಲಿ ಬೇಸನ್ನು ಏರಿಸುವ ಬದಲು ಮಿಡ್ಡನ್ನು ಕೊಂಚ ಏರಿಸಿದರೆ, ವಾಲ್ಯೂಮ್ ಮುಟ್ಟದೆಯೇ ಬೇಸ್ ಎದ್ದು ಕೇಳುತ್ತದೆ. ನಂಬಿಕೆ ಬಾರದವರು ಇಡೀ ತಂಡ ನುಡಿಸುತ್ತಿರುವಾಗ ಮಾಡಿ ನೋಡಲಿ. ಒಬ್ಬರೇ ಕೂತು ಮನೆಯಲ್ಲಿ ಹೊಂದಿಸಿದ ಸೊಗಸಾದ ಬೇಸ್ ತಂಡದ ನಡುವೆ ಕಾಣೆಯಾಗುವುದೇ ಹೆಚ್ಚು.

ಬೇಸಿನವರಿಗೆ ಇಷ್ಟೊಂದು ವ್ಯಾಟು ಏಕೆ ಬೇಕು ಎಂದು ಕೀಬೋರ್ಡಿನವರು ಗೊಣಗುವುದುಂಟು. ನಮ್ಮ ಕಿವಿಯೇ ಹಾಗಿದೆ. ಕೆಳಸ್ವರಗಳಿಗೆ ಅದು ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು 1933ರಲ್ಲೇ ಇದನ್ನು ಗೆರೆ ಎಳೆದು ತೋರಿಸಿದ್ದಾರೆ. ಮಾತಿನ ಎತ್ತರದ ಸ್ವರದಷ್ಟೇ ಜೋರಾಗಿ ಪಾತಾಳದ ಸ್ವರ ಕೇಳಬೇಕಾದರೆ ಹಲವುಪಟ್ಟು ಶಕ್ತಿ ಬೇಕು. ಆದರೆ ವ್ಯಾಟಿನ ಲೆಕ್ಕ ಮೋಸದ್ದು. 100 ವ್ಯಾಟಿನ ಬದಲು 200 ತಂದರೆ ಸಿಗುವ ಏರಿಕೆ ಬರೀ 3 ಡೆಸಿಬಲ್, ಗಮನವಿಟ್ಟರೆ ಗೊತ್ತಾಗುವಷ್ಟು. ಕಿವಿಗೆ ಎರಡುಪಟ್ಟು ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತುಪಟ್ಟು ವ್ಯಾಟು. ಆಂಪ್ ಬದಲಿಸಲು ಹೊರಟವರು ಈ ಲೆಕ್ಕವನ್ನು ಅಂಗಡಿಗೆ ಹೋಗುವ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ದೊಡ್ಡ ಕಾರ್ಯಕ್ರಮದಲ್ಲಿ ಆಂಪಿನ ಹಿಂಬದಿಯ ಡಿಐ ಎಂಬ ತೂತಿನಿಂದ ಒಂದು ಕೇಬಲ್ ನೇರ ಮಿಕ್ಸರಿಗೆ ಹೋಗುತ್ತದೆ. ಜನರಿಗೆ ಕೇಳುವುದು ಆ ದಾರಿಯ ಬೇಸ್. ಬಹುಪಾಲು ಆಂಪುಗಳಲ್ಲಿ ಮಾಸ್ಟರನ್ನು ಎಷ್ಟು ತಿರುಗಿಸಿದರೂ ಆ ದಾರಿಗೆ ಏನೂ ಆಗುವುದಿಲ್ಲ, ಗೇನನ್ನು ತಿರುಗಿಸಿದರೆ ಆಗುತ್ತದೆ. ಕಾರ್ಯಕ್ರಮದ ನಡುವೆ ವಾದಕ ತನಗೆ ಕೇಳಲಿಲ್ಲವೆಂದು ಗೇನಿಗೆ ಕೈ ಹಾಕಿದನೋ, ಮೈದಾನದ ಆಚೆ ತುದಿಯಲ್ಲಿ ಮಿಕ್ಸರ್ ಮುಂದೆ ಕೂತ ಹುಡುಗನ ಮೀಟರು ಕೆಂಪಗಾಗುತ್ತದೆ. ಅವನು ಇಳಿಸುತ್ತಾನೆ, ಇವನು ಮತ್ತೆ ಏರಿಸುತ್ತಾನೆ. ಇಬ್ಬರೂ ಒಬ್ಬರಿಗೊಬ್ಬರು ಕಿವುಡರೆಂದು ತಿಳಿಯುತ್ತಾರೆ.

ಇಷ್ಟು ಹೇಳಿದ್ದು ಗಿಟಾರಿನ ಮಾತು. ಈ ಮೂರು ತಾಲೂಕುಗಳಲ್ಲಿ ಗೇನು-ವಾಲ್ಯೂಮಿನ ನಿಜವಾದ ಪರೀಕ್ಷೆ ನಡೆಯುವುದು ಯಕ್ಷಗಾನದ ರಂಗಸ್ಥಳದಲ್ಲಿ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದ ಕಾಲಕ್ಕೆ ಬಯಲಾಟಕ್ಕೆ ಕಂಠ ಮತ್ತು ಚಂಡೆಯೇ ಆಧಾರ. ಸಂಜೆ ಚಂಡೆಯ ಅಬ್ಬರ ಎದ್ದರೆ ಹೊಳೆಯಾಚೆಯ ಊರಿಗೂ ಆಟ ಇದೆಯೆಂದು ತಿಳಿಯುತ್ತಿತ್ತು. ಇದರಲ್ಲಿ ಹವೆಯ ಪಾಲೂ ಇದೆ. ಚಳಿಗಾಲದ ರಾತ್ರಿ ನೆಲಕ್ಕೆ ತಾಗಿದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದತ್ತ ಇಳಿಯುತ್ತದೆ. ಹಗಲಿನಲ್ಲಿ ಅರ್ಧ ದಾರಿಗೂ ಬಾರದ ಸದ್ದು ರಾತ್ರಿ ಮೈಲಿ ದಾಟುವುದು ಇದರಿಂದಲೇ. ಭಾಗವತರು ಏರು ಶ್ರುತಿಯಲ್ಲಿ ಹಾಡುತ್ತಿದ್ದುದು, ಅರ್ಥಗಾರಿಕೆಯಲ್ಲಿ ವೇಷಧಾರಿಗಳು ಮಾತನ್ನು ಎಳೆದು ಬಿಡುತ್ತಿದ್ದುದು, ಎಲ್ಲವೂ ಆ ಬಯಲಿಗೆ ಮುಟ್ಟಿಸಲಿಕ್ಕೆ. ಅಂದಿನವರು ಗೇನನ್ನೂ ವಾಲ್ಯೂಮನ್ನೂ ಎರಡನ್ನೂ ಗಂಟಲಿನಲ್ಲೇ ಇಟ್ಟುಕೊಂಡಿದ್ದರು.

ಮೈಕು ಬಂದ ಮೇಲೆ ಗಂಟಲಿಗೆ ವಾಲ್ಯೂಮಿನ ಹೊಣೆ ತಪ್ಪಿತು. ಕೂಗದೆ ಹಾಡಬಹುದು, ಉಸಿರಿನಷ್ಟು ಸಣ್ಣ ಎಳೆಯನ್ನೂ ಕೊನೆಯ ಸಾಲಿಗೆ ಮುಟ್ಟಿಸಬಹುದು ಎಂದಾಯಿತು. 1990ರಲ್ಲಿ ಅಪಘಾತದಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆಗೆ ಜನ ಮುಗಿಬೀಳುತ್ತಿದ್ದ ಕಾಲ, ನನ್ನ ಮಟ್ಟಿಗೆ, ಮೈಕು ಯಕ್ಷಗಾನದ ಹಾಡಿಕೆಯ ಒಳಗೇ ಸೇರಿಕೊಂಡ ಕಾಲ. ನಾವಡರ ಗುರು ಉಪ್ಪೂರು ನಾರಾಯಣ ಭಾಗವತರು. ಅವರಲ್ಲೇ ಪಳಗಿದ ಇನ್ನೊಬ್ಬರು ಕುಮಟಾ ತಾಲೂಕಿನ ಗೋಕರ್ಣದ ಸುಬ್ರಹ್ಮಣ್ಯ ಧಾರೇಶ್ವರರು. ಧಾರೇಶ್ವರರು ಮೇಳಕ್ಕೆ ಮೊದಲು ಸೇರಿದ್ದು ಭಾಗವತರಾಗಿ ಅಲ್ಲ, ವಿದ್ಯುತ್ ಕೆಲಸದವರಾಗಿ. ವೈರು, ದೀಪ ನೋಡಿಕೊಳ್ಳುತ್ತಿದ್ದವರು ಮುಂದೆ ಪೆರ್ಡೂರು ಮೇಳದಲ್ಲಿ ಎರಡು ದಶಕಕ್ಕೂ ಮಿಕ್ಕಿ ಪ್ರಧಾನ ಭಾಗವತರಾಗಿ ನಿಂತರು. 2024ರ ಏಪ್ರಿಲ್ 25ರಂದು ಅವರು ತೀರಿಕೊಂಡಾಗ ಕರಾವಳಿಯ ಮನೆಮನೆಗಳಲ್ಲಿ ಅವರ ಪದ್ಯಗಳೇ ಕೇಳುತ್ತಿದ್ದವು. ಆ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿ. ದನಿ ಏರುವಲ್ಲೂ ಒಡೆಯುವುದಿಲ್ಲ, ಇಳಿಯುವಲ್ಲೂ ಅಕ್ಷರ ಮಸುಕಾಗುವುದಿಲ್ಲ. ಯಂತ್ರದ ಒಳಹೊರಗು ತಿಳಿದವನೊಬ್ಬ ಮೈಕಿನ ಮುಂದೆ ಕೂತರೆ ಹೀಗಿರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಈಗಿನ ರಂಗಸ್ಥಳದಲ್ಲಿ ಮೈಕಿನವನ ಪಾಡು ಬೇಸ್ ವಾದಕನಿಗಿಂತ ಕಠಿಣ. ಭಾಗವತರ ಮೈಕಿಗೆ ಅವರ ದನಿಯಷ್ಟೇ ಬಂದಿದ್ದರೆ ಚಿಂತೆಯಿರಲಿಲ್ಲ. ಪಕ್ಕದಲ್ಲೇ ಮದ್ದಳೆಯಿದೆ, ಅನತಿ ದೂರದಲ್ಲಿ ಚಂಡೆಯಿದೆ. ಚಂಡೆಯ ಒಂದು ಉರುಳಿಕೆ ಎದ್ದಿತೆಂದರೆ ಅದು ಯಾವ ಮೈಕಿನ ಅಪ್ಪಣೆಯನ್ನೂ ಕೇಳದೆ ಎಲ್ಲ ಮೈಕಿನೊಳಗೂ ನುಗ್ಗುತ್ತದೆ. ಸಂಜೆ ಆರಕ್ಕೆ “ಭಾಗವತ್ರೇ, ಒಂದು ಸಲ ಹಲೋ ಹೇಳಿ” ಎಂದು ಹೇಳಿಸಿ, ಆ ಸಣ್ಣ ಹಲೋಗೆ ಗೇನ್ ಹೊಂದಿಸಿ ಚಹಕ್ಕೆ ಹೋದವನ ಮಿಕ್ಸರು ರಾತ್ರಿ ಯುದ್ಧದ ಪದ್ಯಕ್ಕೆ ಕೆಂಪಾಗದೆ ಇನ್ನೇನಾದೀತು? ಬೇಸಿನವನಿಗೆ ಹೇಳಿದ ಮಾತೇ ಇಲ್ಲೂ ಸಲ್ಲುತ್ತದೆ. ಏರು ಪದ್ಯವೊಂದನ್ನು ಪೂರ್ತಿ ಹಾಡಿಸಿ, ಜತೆಗೆ ಚಂಡೆಯನ್ನು ಪೂರ್ತಿ ನುಡಿಸಿ, ಆಗ ಗೇನ್ ನಿಲ್ಲಿಸಬೇಕು. ಆಮೇಲೆ ರಾತ್ರಿಯಿಡೀ ಜಾರುಗುಂಡಿಯನ್ನಷ್ಟೇ, ಅಂದರೆ ಫೇಡರನ್ನಷ್ಟೇ ಮುಟ್ಟಬೇಕು.

ರಂಗಸ್ಥಳದ ಮುಂದೆ ನಿಲ್ಲಿಸಿದ, ಮೇಲಿಂದ ಇಳಿಬಿಟ್ಟ ಮೈಕುಗಳ ತೊಂದರೆ ಇನ್ನೊಂದು ಬಗೆ. ವೇಷಧಾರಿ ಕುಣಿಯುತ್ತ ಮೈಕಿಗೆ ಒಂದಡಿ ಹತ್ತಿರ ಬರುತ್ತಾನೆ, ಮರುಕ್ಷಣ ಹತ್ತಡಿ ಹಿಂದೆ ಹೋಗುತ್ತಾನೆ. ಹಿಂದೆ ಹೋದವನ ಮಾತು ಕೇಳಲೆಂದು ಗೇನ್ ಏರಿಸಿದರೆ ಗೆಜ್ಜೆ, ಹಲಗೆಯ ಮೇಲಿನ ಹೆಜ್ಜೆ, ಚೌಕಿಯಿಂದ ಬರುವ ಮಾತು, ಎಲ್ಲವೂ ಬರುತ್ತವೆ. ಕೊನೆಗೆ ಸ್ಪೀಕರಿನ ಸದ್ದೇ ಮೈಕಿಗೆ ಮರಳಿ ಬಂದು ‘ಕುಂಯ್’ ಎಂಬ ಕೂಗು ಏಳುತ್ತದೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡುಪಟ್ಟಾದಾಗಲೆಲ್ಲ ಕೂಗು ಏಳದಂತೆ ಕೊಡಬಹುದಾದ ಸದ್ದು 3 ಡೆಸಿಬಲ್ ಇಳಿಯುತ್ತದೆ. ಎರಡರ ಬದಲು ಎಂಟು ಮೈಕು ತೂಗುಹಾಕಿದವರು 6 ಡೆಸಿಬಲ್ ಕಳೆದುಕೊಂಡೇ ಆಟ ಶುರುಮಾಡುತ್ತಾರೆ. ಸೌಂಡ್ ಚೆನ್ನಾಗಿರಲೆಂದು ಹೆಚ್ಚು ಮೈಕು ತರಿಸಿ ಇದ್ದ ಸೌಂಡನ್ನೂ ಕಳೆದುಕೊಳ್ಳುವ ಸಮಿತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾವ ಪಾತ್ರ ಮಾತಾಡುತ್ತಿದೆಯೋ ಅದರ ಹತ್ತಿರದ ಮೈಕನ್ನಷ್ಟೇ ಎತ್ತಿ ಉಳಿದವನ್ನು ತಗ್ಗಿಸುವವನಿಗೆ ಪ್ರಸಂಗ ಗೊತ್ತಿರಬೇಕು. ಒಳ್ಳೆಯ ಮೈಕಿನವನು ಅರ್ಧ ಭಾಗವತ ಎಂದರೆ ಅತಿಶಯವಲ್ಲ.

ಗುಂಯ್‌ಗುಡುವ ಸದ್ದಿನ ಕಡೆಗೊಂದಿಷ್ಟು. ನಮ್ಮ ಕರೆಂಟಿನ ಕಂಪನ ಸೆಕೆಂಡಿಗೆ 50. ಬೇಸ್ ಗಿಟಾರಿನ ‘ಇ’ ತಂತಿಯ ಮೂರನೇ ಮನೆಯ ‘ಜಿ’ 49. ಅರ್ತಿಂಗ್ ಸರಿಯಿಲ್ಲದ ಕಡೆ ಆಂಪಿನ ಗುಂಯ್‌ಕಾರ ಈ ಸ್ವರದ ಮಗ್ಗುಲಲ್ಲೇ ಕೂತು, ‘ಜಿ’ ನುಡಿಸಿದಾಗ ಸೆಕೆಂಡಿಗೊಮ್ಮೆ ಉಬ್ಬಿಳಿದು ಕೇಳುತ್ತದೆ. ಗೇನ್ ಹೆಚ್ಚಿದ್ದಷ್ಟೂ ಗುಂಯ್ ಹೆಚ್ಚು. ಇದನ್ನು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ನನ್ನು ಕಿತ್ತೆಸೆಯುವ ಕೆಟ್ಟ ಚಾಳಿ ಇದೆ. ಗುಂಯ್ ನಿಲ್ಲಬಹುದು; ಆಂಪಿನೊಳಗೆ ಏನಾದರೂ ಕೆಟ್ಟರೆ 230 ವೋಲ್ಟು ತಂತಿಗೆ ಬರುತ್ತದೆ. ವಾದಕನ ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ಕಾಲ ಕೆಳಗೆ ಇಬ್ಬನಿಗೆ ನೆನೆದ ಗದ್ದೆ. ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಡಿಐ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಎಂಬ ಚಿಕ್ಕ ಗುಂಡಿ ಇರುವುದು ಗುಂಯ್ ನಿಲ್ಲಿಸಲೆಂದೇ, ಅದನ್ನು ಒತ್ತಿ. ಜನರೇಟರ್ ತಂದರೆ ನೆಲಕ್ಕೆ ಅರ್ತಿಂಗ್ ಸರಳು ಹೊಡೆಸಿ. ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪಾದರೆ ಹಿಂದಿನ ತಗಡಿನ ಮೇಲೆ 120 ವೋಲ್ಟ್ ಎಂದು ಮಾತ್ರ ಬರೆದಿದೆಯೇ ನೋಡಿ; ಹಾಗಿದ್ದರೆ ನೇರ ಪ್ಲಗ್ ಹಾಕಬೇಡಿ.

ಕಡಲಿನ ಉಪ್ಪುಗಾಳಿಯೂ ಈ ನಾಬುಗಳ ವೈರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿದ್ದ ಆಂಪಿನ ಗೇನ್ ತಿರುಗಿಸಿದರೆ ಕರಕರ ಎನ್ನುತ್ತದೆ. ಒಳಗಿನ ಪಟ್ಟಿಯ ಮೇಲೆ ಕಿಲುಬು ಹಿಡಿದಿರುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಆನ್ ಮಾಡಿ ಒಂದು ಗಂಟೆ ಬೆಚ್ಚಗಾಗಲು ಬಿಟ್ಟು, ಎಲ್ಲ ನಾಬುಗಳನ್ನೂ ಹತ್ತಾರು ಸಲ ತಿರುಗಿಸಿ ಇಟ್ಟರೆ ಈ ಕಾಟ ಕಡಿಮೆ. ಆಗಲೂ ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ತೆಂಗಿನೆಣ್ಣೆ ಬಿಡುವವರಿಗೆ ದೂರದಿಂದಲೇ ನಮಸ್ಕಾರ.

ಇನ್ನು ಕಾನೂನಿನ ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಸುಪ್ರೀಂ ಕೋರ್ಟು 2005ರ ಜುಲೈ ತೀರ್ಪಿನಲ್ಲಿ ಈ ನಿರ್ಬಂಧವನ್ನು ಗಟ್ಟಿಗೊಳಿಸಿತು. ವಾಸದ ಪ್ರದೇಶಕ್ಕೆ ನಿಗದಿಯಾದ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್. ರಾತ್ರಿಯಿಡೀ ನಡೆಯುವ ಕಲೆಗೆ ಇದು ಇಕ್ಕಟ್ಟಿನ ಅಂಗಿ ಎಂಬುದು ನಿಜ. ತೆಂಕುತಿಟ್ಟಿನ ಕಟೀಲು ಮೇಳಗಳು 2022ರಲ್ಲಿ ರಾತ್ರಿಯಿಡೀ ಆಡುವುದನ್ನು ಬಿಟ್ಟು ಕಾಲಮಿತಿಯ ಆಟಕ್ಕೆ ಹೊರಳಿದ್ದಕ್ಕೂ ಧ್ವನಿಯ ಈ ನಿಯಮ ಕಾರಣವಾಗಿತ್ತು. ಆದರೆ ನಿಯಮವನ್ನು ಬೈಯುವ ನಮ್ಮ ಸಂಘಟಕರಲ್ಲಿ ಎಷ್ಟು ಮಂದಿ ಪೆಟ್ಟಿಗೆಗಳ ಮುಖವನ್ನು ಪ್ರೇಕ್ಷಕರತ್ತ ಬಾಗಿಸಿ ಇಡಿಸಿದ್ದಾರೆ? ಸಾವಿರ ಜನ ಕೂತ ಬಯಲಿಗೆ ಬೇಕಾದ ಸದ್ದು ಬೇರೆ, ಮೂರು ಕಿಲೋಮೀಟರ್ ಆಚೆ ಪರೀಕ್ಷೆಗೆ ಓದುವ ಹುಡುಗಿಯ ಕಿಟಕಿಗೆ ಹೊಡೆಯುವ ಸದ್ದು ಬೇರೆ. ಕಲೆಗೆ ವಿನಾಯಿತಿ ಬೇಕು ಎನ್ನುವವರು ಮೊದಲು ವಾಲ್ಯೂಮನ್ನು ತಮ್ಮ ಬಯಲಿನೊಳಗೆ ನಿಲ್ಲಿಸಿ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ವಾದಕರ ಕಿವಿಯ ಲೆಕ್ಕವನ್ನೂ ಯಾರೂ ಇಡುವುದಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮೀರಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಉಳಿಯುವುದು 15 ನಿಮಿಷ. ಡ್ರಮ್ಮಿನ ಪಕ್ಕ ನಿಲ್ಲುವ ಬೇಸಿನವನೂ ಚಂಡೆಯ ಪಕ್ಕ ಕೂರುವ ಭಾಗವತರೂ ಈ ಲೆಕ್ಕವನ್ನು ಎಷ್ಟೋ ವರ್ಷಗಳಿಂದ ಮೀರುತ್ತಲೇ ಬಂದಿದ್ದಾರೆ. ಆಟದ ಮರುದಿನ ಕಿವಿಯಲ್ಲಿ ಜೀರುಂಡೆ ಕೂಗಿದಂತಾದರೆ ಅದನ್ನು ನಿದ್ದೆಗೆಟ್ಟದ್ದಕ್ಕೆ ಎಂದು ತಳ್ಳಿಹಾಕಬೇಡಿ. ಔಷಧದಂಗಡಿಯಲ್ಲಿ ಸಿಗುವ ಸಣ್ಣ ಇಯರ್‌ಪ್ಲಗ್ಗಿಗೆ ಕೊಡುವ ದುಡ್ಡು ಒಂದು ತಂತಿಯ ಬೆಲೆಗಿಂತ ಕಡಿಮೆ.

ಕೊನೆಯದಾಗಿ ಸಂಘಟಕರಲ್ಲಿ ಒಂದು ಕೋರಿಕೆ. ಆಟವಿರಲಿ, ಹಬ್ಬದ ಸಂಜೆಯಿರಲಿ, ರಿಸೆಪ್ಷನ್ ಇರಲಿ, ಕಲಾವಿದರೂ ಮೈಕಿನವರೂ ಒಟ್ಟಿಗೆ ಸಿಗುವಂತೆ ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆ ಬಿಡುವು ಮಾಡಿಕೊಡಿ. ಆ ಹೊತ್ತಿನಲ್ಲಿ ಅಧ್ಯಕ್ಷರ ಭಾಷಣದ ಮೈಕನ್ನು ಹಿಡಿದು ‘ಹಲೋ ಹಲೋ’ ಎನ್ನುವವರನ್ನು ದೂರ ಇಡಿ. ಚಂಡೆಯವರೂ ಬೇಸಿನವರೂ ತಮ್ಮ ಕೈಲಾದಷ್ಟು ಜೋರಾಗಿ ನುಡಿಸಲಿ. ಗೇನ್ ಆಗಲೇ ನಿಲ್ಲಲಿ. ಆಮೇಲೆ ಮುಂದಿನ ಸಾಲಿನಲ್ಲಿ ಕೂತ ಗಣ್ಯರು ಕೈಯೆತ್ತಿ ಸೌಂಡ್ ಏರಿಸಲು ಹೇಳಿದರೂ, ಮಿಕ್ಸರ್ ಮುಂದಿನ ಹುಡುಗನಿಗೆ ಒಮ್ಮೆ ಬಯಲ ಕೊನೆಯವರೆಗೆ ನಡೆದು ಕೇಳಿ ಬರುವಷ್ಟು ಸ್ವಾತಂತ್ರ್ಯ ಕೊಡಿ. ವಾಲ್ಯೂಮ್ ಎಷ್ಟಿರಬೇಕೆಂದು ಅವನು ಅಲ್ಲಿ ನಿಂತು ತೀರ್ಮಾನಿಸಲಿ.